ನಾಲ್ಕೇ ಮಾತಿನ ಬಾಗಿಲು

"ಮೇಷ್ಟ್ರೇ, ತಪ್ಪು ಒಳಗೆ ಬರಬಾರದು ಎಂದರೆ ಬಾಗಿಲನ್ನು ಎಷ್ಟು ಬಿಗಿ ಮಾಡಬೇಕು?" ಎಂದು ವನಮಾಲ ಕೇಳಿದಳು.

ಪಾಲಾಕ್ಷಯ್ಯ ಮೇಷ್ಟ್ರು ಕಂಪ್ಯೂಟರ್ ಪಾಠ ಹೇಳುತ್ತಲೇ ತಲೆ ನರೆಸಿಕೊಂಡವರು. ವನಮಾಲ ಅವರ ಹಳೆಯ ಶಿಷ್ಯೆ. ಈಗ ಕೆಲವು ಆಸ್ಪತ್ರೆಗಳ ರೋಗಿಗಳ ದಾಖಲೆಗೆ ಎಕ್ಸ್‌ಎಂಎಲ್ ಸ್ಕೀಮಾ ಬರೆಯುವ ಕೆಲಸ ಅವಳದು. ದಾಖಲೆಯ ಯಾವ ಜಾಗದಲ್ಲಿ ಏನು ಬರಬಹುದು, ಏನು ಬರಬಾರದು ಎಂದು ಮೊದಲೇ ಕಟ್ಟುಮಾಡಿ ಇಡುವ ಬರಹ ಅದು. ಆ ಕಟ್ಟಿಗೆ ಒಪ್ಪದ ದಾಖಲೆಯನ್ನು ಯಂತ್ರ ಹಿಂದಕ್ಕೆ ತಳ್ಳುತ್ತದೆ.

"ಇಲ್ಲಿಯವರೆಗೆ ಏನೇನು ಬಿಗಿ ಮಾಡಿದ್ದೀಯ, ಅದನ್ನು ಹೇಳು" ಎಂದರು ಮೇಷ್ಟ್ರು.

ವನಮಾಲ ಉತ್ಸಾಹದಿಂದ ಹೇಳಿದಳು. ವಯಸ್ಸಿಗೆ ಕೆಳಗಿನ ಮಿತಿ, ಮೇಲಿನ ಮಿತಿ ಹಾಕಿದ್ದಳು. ಫೋನ್ ನಂಬರಿಗೆ ಹತ್ತೇ ಅಂಕಿ ಎಂದಿದ್ದಳು. ಎಲ್ಲಕ್ಕಿಂತ ತಲೆನೋವು ಕೊಟ್ಟದ್ದು 'ಒಗ್ಗದ ಔಷಧಿ' ಎಂಬ ಜಾಗ. ಒಬ್ಬರು ಪೆನ್ಸಿಲಿನ್ ಎಂದು ಬರೆಯುತ್ತಿದ್ದರು, ಇನ್ನೊಬ್ಬರು ಪೆನಿಸಿಲಿನ್ ಎಂದು, ಮತ್ತೊಬ್ಬರು 'ಆ ಸೂಜಿ ಆಗಲ್ಲ' ಎಂದು. ಯಂತ್ರಕ್ಕೆ ಮೂರೂ ಬೇರೆ ಬೇರೆ. ಈಗ ಅಲ್ಲಿ ನಾಲ್ಕೇ ಮಾತು: ಪೆನಿಸಿಲಿನ್, ಸಲ್ಫಾ, ಆಸ್ಪಿರಿನ್, ಇಲ್ಲ. ಬೇರೆ ಏನು ಬರೆದರೂ ದಾಖಲೆ ವಾಪಸ್. ಖಾಲಿ ಬಿಟ್ಟರೂ ವಾಪಸ್.

"ಈ ತಿಂಗಳು ಒಂದೇ ಒಂದು ದಾಖಲೆ ವಾಪಸ್ ಹೋಗಿಲ್ಲ ಮೇಷ್ಟ್ರೇ! ಹೆಚ್ಚು ಕಡಿಮೆ ಎಲ್ಲರದ್ದೂ 'ಇಲ್ಲ' ಅಂತಲೇ ಇದೆ. ನಮ್ಮ ಕಡೆ ಜನ ಗಟ್ಟಿ ಬಿಡಿ" ಎಂದು ನಕ್ಕಳು.

ಮೇಷ್ಟ್ರು ನಗಲಿಲ್ಲ. ಕನ್ನಡಕ ತೆಗೆದು ಪಂಚೆಯ ಅಂಚಿನಲ್ಲಿ ಒರೆಸಿಕೊಂಡರು.

"ಒಂದು ಕತೆ ಹೇಳ್ತೀನಿ. ಮುಗಿಯೋವರೆಗೆ ನಡುವೆ ಬಾಯಿ ಹಾಕಬೇಡ. ನಿನಗೆ ಆ ಚಾಳಿ ಓದುವಾಗಿನಿಂದಲೂ ಇದೆ."

ಹೀಗೆಂದು ಕತೆ ಶುರುಮಾಡಿದರು.

ಒಂದು ಊರಿನಲ್ಲಿ ದಾರಿಹೋಕರಿಗೆ ಊಟ ಹಾಕುವ ಛತ್ರವಿತ್ತು. ಅದನ್ನು ನೋಡಿಕೊಳ್ಳಲು ಒಬ್ಬ ಪಾರುಪತ್ಯಗಾರ. ಛತ್ರದ ಅಡುಗೆ ಅವನ ಅಕ್ಕನದು. ತಾಯಿ ಇಲ್ಲದ ತಮ್ಮನನ್ನು ಎತ್ತಿ ಬೆಳೆಸಿದವಳು ಅವಳೇ. ಈ ಅಕ್ಕನನ್ನು ನೆನಪಿಟ್ಟುಕೋ ವನಮಾಲ. ಬಾಗಿಲಲ್ಲಿ ಯಾರು ಏನು ಮಾತಾಡಿದರೂ ಕೊನೆಗೆ ಮೂಟೆಗೆ ಕೈ ಹಾಕುವವಳು ಅವಳು.

ಆ ಛತ್ರಕ್ಕೆ ಸುತ್ತಲಿನ ಜನ ಹರಕೆ ಹೊತ್ತು ಸಾಮಾನು ತಂದುಕೊಡುತ್ತಿದ್ದರು. ಹರಕೆಯ ಮೂಟೆ ಒಮ್ಮೆ ಮನೆ ಬಿಟ್ಟಿತು ಎಂದರೆ ಮತ್ತೆ ಮನೆಗೆ ಒಯ್ಯುವ ಹಾಗಿಲ್ಲ, ಅದು ಅಲ್ಲಿಯ ರೂಢಿ. ತಂದವನು ಬಾಗಿಲಲ್ಲಿ ಮೂಟೆಯ ಹೆಸರು ಕೂಗಬೇಕು. ಹಮಾಲಿಗಳು ಆ ಹೆಸರಿನ ಕೋಣೆಗೆ ಹೊತ್ತು ಹಾಕುತ್ತಿದ್ದರು. ಆದರೆ ಜನ ಕೇಳಬೇಕಲ್ಲ! ಒಬ್ಬ 'ಬಿಳಿ ಜೋಳದ್ದು' ಎನ್ನುವನು, ಒಬ್ಬ 'ಬೀಸಿದ್ದು' ಎನ್ನುವನು, ಇನ್ನೊಬ್ಬ 'ನಮ್ಮ ಹೊಲದ್ದು ಸ್ವಾಮಿ' ಎಂದು ಕೈಮುಗಿದು ನಿಲ್ಲುವನು. ಒಂದೇ ಹಿಟ್ಟು ಮೂರು ಕೋಣೆ ಸೇರುತ್ತಿತ್ತು. ಅಕ್ಕ ಒಲೆ ಹಚ್ಚಿ, ಹಿಟ್ಟು ಹುಡುಕುತ್ತ ಕೋಣೆಯಿಂದ ಕೋಣೆಗೆ ಅಲೆಯುತ್ತಿದ್ದಳು.

ಅಕ್ಕನ ಒದ್ದಾಟ ನೋಡಲಾರದೆ ತಮ್ಮ ಒಂದು ಕಟ್ಟುಮಾಡಿದ. ಬಾಗಿಲಲ್ಲಿ ಇನ್ನು ನಾಲ್ಕೇ ಮಾತು: ಅಕ್ಕಿ, ಬೇಳೆ, ಹಿಟ್ಟು, ಉಪ್ಪು. ಐದನೆಯ ಮಾತಿಗೆ ಬಾಗಿಲು ತೆರೆಯಕೂಡದು. ಕಾವಲಿನವನಿಗೆ ಇದನ್ನು ಬಾಯಿಪಾಠ ಮಾಡಿಸಿದ.

ಕಟ್ಟು ಚೆನ್ನಾಗಿಯೇ ನಡೆಯಿತು. ನಾನು ಅದನ್ನು ಹೀಯಾಳಿಸುತ್ತಿಲ್ಲ. ಗಲಾಟೆ ನಿಂತಿತು, ಕೋಣೆಗಳು ಒಪ್ಪವಾದವು, ಊಟ ಹೊತ್ತಿಗೆ ಸರಿಯಾಗಿ ಆಗತೊಡಗಿತು. ಅಕ್ಕ ಮೂಟೆ ಬಿಚ್ಚಿ ನೋಡುವುದನ್ನೇ ಬಿಟ್ಟಳು. ಹಿಟ್ಟಿನ ಕೋಣೆಗೆ ಹೋದರೆ ಸಾಕು, ಮೊರ ತುಂಬಿಕೊಂಡು ಬರುತ್ತಿದ್ದಳು. ತಮ್ಮ ಹೋದಲ್ಲಿ ಬಂದಲ್ಲಿ ತನ್ನ ಬಾಗಿಲಿನ ಮಾತನ್ನೇ ಹೇಳಿಕೊಂಡು ತಿರುಗಿದ. ನಿನ್ನ ಹಾಗೆಯೇ.

ಒಂದು ಸಂಜೆ ಸುಣ್ಣ ಸುಡುವವನೊಬ್ಬ ಬಂದ. ಮಗಳಿಗೆ ಹೆರಿಗೆ ಸುಸೂತ್ರವಾದರೆ ಛತ್ರದ ಗೋಡೆಗೆಲ್ಲ ಸುಣ್ಣ ಬಳಿಸುತ್ತೇನೆ ಎಂದು ಹರಕೆ ಹೊತ್ತಿದ್ದ. ಹೆರಿಗೆಯಾಗಿತ್ತು. ಆಗತಾನೇ ಸುಟ್ಟು ಪುಡಿಮಾಡಿದ ಸುಣ್ಣವನ್ನು ಗಾಡಿಯಲ್ಲಿ ತಂದಿದ್ದ. ಆಕಾಶದಲ್ಲಿ ಮೋಡ ಕವಿದಿತ್ತು. ಸುಟ್ಟ ಸುಣ್ಣಕ್ಕೆ ನೀರು ಬಿದ್ದರೆ ಕುದಿದು ಸಿಡಿಯುತ್ತದೆ ಎಂಬುದು ಅವನಿಗಿಂತ ಚೆನ್ನಾಗಿ ಯಾರಿಗೆ ಗೊತ್ತು?

"ಸುಣ್ಣ" ಎಂದು ಕೂಗಿದ. ಬಾಗಿಲು ತೆರೆಯಲಿಲ್ಲ. ಇನ್ನೊಮ್ಮೆ ಕೂಗಿದ. ಕಾವಲಿನವನು ಕಿಂಡಿಯಲ್ಲಿ ಇಣುಕಿದ.

"ಆ ಮಾತು ನನ್ನ ಹತ್ತಿರ ಇಲ್ಲ ಮಾರಾಯ. ಬೆಳ್ಳಗೆ ಪುಡಿ ಪುಡಿಯಾಗಿದೆಯಲ್ಲ, ಹಿಟ್ಟು ಎಂದುಬಿಡು. ಒಳಗೆ ಹೋಗಲಿ, ಆಮೇಲೆ ನಾನು ಹೇಳುತ್ತೇನೆ."

"ಸುಣ್ಣವನ್ನು ಹಿಟ್ಟು ಎನ್ನಲಾ? ನಾಲಗೆ ಬರುವುದಿಲ್ಲ ಅಣ್ಣಾ."

"ಹಾಗಾದರೆ ಮಳೆಯಲ್ಲಿ ನಿಂತಿರು."

ಹನಿ ಬಿತ್ತು. ಹಿಂದಕ್ಕೆ ಹೋಗುವಂತಿಲ್ಲ, ಹರಕೆಯ ಮೂಟೆ. ನಿಲ್ಲುವಂತಿಲ್ಲ, ಸುಟ್ಟ ಸುಣ್ಣ. ಸುಣ್ಣದವನು ಕಣ್ಣು ಮುಚ್ಚಿಕೊಂಡು "ಹಿಟ್ಟು" ಎಂದ. ಬಾಗಿಲು ತೆರೆಯಿತು. ಮೂಟೆಗಳು ಹಿಟ್ಟಿನ ಕೋಣೆ ಸೇರಿದವು. ಅಷ್ಟರಲ್ಲಿ ಮಳೆ ಜೋರಾಯಿತು, ದಾರಿಹೋಕರೆಲ್ಲ ಬಾಗಿಲಿಗೆ ನುಗ್ಗಿದರು. ಆ ನೂಕುನುಗ್ಗಲಲ್ಲಿ ಕಾವಲಿನವನು ಹೇಳಬೇಕಾದ್ದನ್ನು ಮರೆತ. ಕೆಟ್ಟವನಲ್ಲ ಅವನು, ಮರೆತ ಅಷ್ಟೆ.

ಬೆಳಗಿನ ಜಾವ ಅಕ್ಕ ಅಂಬಲಿಗೆ ನೀರು ಕಾಯಿಸಿದಳು. ಮಳೆಗೆ ಸಿಕ್ಕಿ ನೆನೆದವರು ತುಂಬಾ ಜನ ಇದ್ದರು, ಬೇಗ ಏನಾದರೂ ಬಿಸಿಯಾಗಿ ಕೊಡಬೇಕು ಎಂಬ ಆತುರ ಅವಳಿಗೆ. ಮಂದ ದೀಪದ ಬೆಳಕಿನಲ್ಲಿ ಹಿಟ್ಟಿನ ಕೋಣೆಗೆ ಹೋದಳು. ಎದುರಿಗಿದ್ದ ಮೂಟೆಯಿಂದ ಮೊರ ತುಂಬಿಕೊಂಡಳು. ಕುದಿಯುವ ಹಂಡೆಗೆ ಬಗ್ಗಿ ಸುರಿದಳು.

ಅಯ್ಯೋ, ಹೇಗೆ ಹೇಳಲಿ. ಹಂಡೆಯೇ ಎದ್ದು ಮುಖಕ್ಕೆ ಬಂದ ಹಾಗಾಯಿತು. ಸುಣ್ಣ ಎರಡೂ ಕಣ್ಣಿಗೆ ಬಿತ್ತು. ವೈದ್ಯರು ಬಂದರು, ತೊಳೆದರು, ಎಣ್ಣೆ ಬಿಟ್ಟರು. ಅಕ್ಕನಿಗೆ ಮತ್ತೆ ಕಣ್ಣು ಕಾಣಿಸಲಿಲ್ಲ.

ತಮ್ಮ ಹುಚ್ಚನ ಹಾಗೆ ಕಾವಲಿನವನ ಕೊರಳಪಟ್ಟಿ ಹಿಡಿದ. ಕಾವಲಿನವನು "ಸುಣ್ಣದವನೇ ಹಿಟ್ಟು ಎಂದ ಬುದ್ಧಿ. ನಿಮ್ಮ ನಾಲ್ಕರಲ್ಲೇ ಇದೆಯಲ್ಲ" ಎಂದ. ತಮ್ಮ ಸುಣ್ಣದವನನ್ನು ಹಿಡಿತರಿಸಿದ. "ಸುಳ್ಳು ಯಾಕೆ ಹೇಳಿದೆಯೋ ಪಾಪಿ?" ಎಂದು ಕೂಗಿದ. ಸುಣ್ಣದವನು ನೆಲದ ಮೇಲೆ ಕುಳಿತು ಅಳುತ್ತಿದ್ದ. "ನಿಜವನ್ನೇ ಹೇಳಿದ್ದೆ ಸ್ವಾಮಿ. ನಿಜ ಹೇಳಿದಾಗ ನಿಮ್ಮ ಬಾಗಿಲು ತೆರೆಯಲಿಲ್ಲ" ಎಂದ.

ವನಮಾಲ ತಡೆಯಲಾರದೆ ಕೇಳಿದಳು. "ಹಾಗಾದರೆ ಕಟ್ಟೇ ಇರಬಾರದಾ ಮೇಷ್ಟ್ರೇ?"

"ಹಾಕಿದೆಯಲ್ಲ ಬಾಯಿ! ಸ್ವಲ್ಪ ತಾಳು ತಾಯಿ. ಆ ತಮ್ಮನಿಗೂ ಮೊದಲು ಹೊಳೆದದ್ದು ಅದೇ ದಡ್ಡತನ."

ಸಿಟ್ಟಿನಲ್ಲಿ ಅವನು ಕಟ್ಟನ್ನೇ ಕಿತ್ತುಹಾಕಿದ. ಯಾರು ಏನು ಬೇಕಾದರೂ ಕೂಗಲಿ ಎಂದ. ಹಳೆಯ ಗಲಾಟೆ ಮರಳಿ ಬಂತು, ಹೊಸ ಅಡುಗೆಯವನ ಪಾಯಸದಲ್ಲಿ ಉಪ್ಪು ಬಿತ್ತು. ಆಮೇಲೆ ಮತ್ತೆ ನಾಲ್ಕು ಮಾತು ತಂದ, ಜೊತೆಗೆ 'ಇತರೆ' ಎಂದು ಐದನೆಯದನ್ನು ಸೇರಿಸಿದ. ಕಾವಲಿನವನಿಗೆ ಅದೇ ಸುಲಭವಾಯಿತು. ಅಕ್ಕಿಯೂ ಇತರೆ, ಬೇಳೆಯೂ ಇತರೆ. ಇತರೆ ಕೋಣೆ ಬಿರಿಯುವಷ್ಟು ತುಂಬಿತು, ಅಕ್ಕಿಯ ಕೋಣೆ ಬರಿದಾಯಿತು. ತಮ್ಮ ಸೋತು ಹೋಗಿ ಅಕ್ಕನ ಮಂಚದ ಪಕ್ಕ ಬಂದು ಕುಳಿತ.

ಅಕ್ಕ ಕೈ ಚಾಚಿ ಅವನ ತಲೆ ಹುಡುಕಿ ಸವರಿದಳು.

"ಸುಣ್ಣದವನನ್ನು ಬಯ್ಯಬೇಡ ಕಣಪ್ಪಾ. ಮೊದಲೆಲ್ಲ ನಾನು ಮೂಟೆ ಬಿಚ್ಚಿ, ಮುಟ್ಟಿ, ಮೂಸಿ ನೋಡುತ್ತಿದ್ದೆ. ನಿನ್ನ ಕಟ್ಟು ಬಂದ ಮೇಲೆ ಬಿಟ್ಟೆ. ನನ್ನ ತಮ್ಮನ ಬಾಗಿಲು ದಾಟಿ ಬಂದದ್ದು ತಪ್ಪಿರುತ್ತದೆಯೇ ಎಂದುಕೊಂಡೆ."

ತಮ್ಮ ಅವಳ ಕೈ ಹಿಡಿದುಕೊಂಡು ಬಿಕ್ಕಿ ಬಿಕ್ಕಿ ಅತ್ತ. ಮರುದಿನ 'ಇತರೆ'ಯನ್ನು ತೆಗೆದ. ನಾಲ್ಕು ಮಾತನ್ನು ಹಾಗೆಯೇ ಇಟ್ಟು, ಐದನೆಯದಾಗಿ 'ನೋಡಬೇಕು' ಎಂಬ ಮಾತು ಸೇರಿಸಿದ. ಆ ಮಾತಿಗೂ ಬಾಗಿಲು ತೆರೆಯುತ್ತಿತ್ತು. ಆದರೆ ಆ ಮೂಟೆ ಯಾವ ಕೋಣೆಗೂ ಹೋಗುವಂತಿಲ್ಲ. ಒಳಜಗಲಿಯಲ್ಲಿ ಇರಬೇಕು. ಪಾರುಪತ್ಯಗಾರ ತಾನೇ ಬಂದು ಬಿಚ್ಚಿ ನೋಡಿ ಹೆಸರಿಡುವ ತನಕ ಅಡುಗೆಯವರು ಅದನ್ನು ಮುಟ್ಟಕೂಡದು. ತನ್ನ ಊಟಕ್ಕೆ ಮೊದಲು ಜಗಲಿ ಖಾಲಿಯಾಗಬೇಕು ಎಂದು ತನಗೆ ತಾನೇ ವಿಧಿಸಿಕೊಂಡ. ಎಷ್ಟೋ ದಿನ ಅವನ ಊಟ ತಡವಾಯಿತು. ಹಾಳಾಗಲಿ, ತಡವಾದರೆ ಏನಂತೆ.

ಕತೆ ಮುಗಿಯಿತು.

"ಆ ಮಾತನ್ನು ಮೊದಲೇ ಇಟ್ಟಿದ್ದರೆ ಅಕ್ಕನ ಕಣ್ಣು ಉಳಿಯುತ್ತಿತ್ತು ಅಲ್ಲವಾ ಮೇಷ್ಟ್ರೇ? ಪಾಪ" ಎಂದಳು ವನಮಾಲ.

ಮೇಷ್ಟ್ರು ಕನ್ನಡಕ ಹಾಕಿಕೊಂಡು ಅವಳ ಮುಖ ನೋಡಿದರು.

"ಈ ತಿಂಗಳು ನಿನ್ನ ಬಾಗಿಲಲ್ಲಿ 'ಇಲ್ಲ' ಎಂದು ದಾಟಿದ ರೋಗಿಗಳಿದ್ದಾರಲ್ಲ, ಅವರಲ್ಲಿ ಎಷ್ಟು ಜನರನ್ನು ಯಾರಾದರೂ ನಿಜವಾಗಿ ಕೇಳಿದ್ದಾರೆ?"

ವನಮಾಲ ಫೋನ್ ತೆಗೆದು ಮೊದಲ ಆಸ್ಪತ್ರೆಯ ನಂಬರ್ ಒತ್ತಿದಳು.