ಮೊದಲ ಗುಡ್ಡದ ರುಮಾಲು

"ಕೇಳಿರಪ್ಪೋ ಕೇಳಿ! ಮಹಾರಾಜರ ಮೂರು ಒಗಟು ಬಿಡಿಸಿದವರಿಗೆ ಬೇಡಿದ್ದು ಸಿಗುವುದು. ತಪ್ಪು ಹೇಳಿದವರ ತಲೆ ಸೈಕಲ್ ಪಂದ್ಯದ ದಿನ ಉರುಳುವುದು!"

ಮುಮ್ಮಲೆ ಸೀಮೆಯಲ್ಲಿ ಹೀಗೆ ಡಂಗುರ ಸಾರಿದಾಗ ಜನ ಬೆಚ್ಚಿಬಿದ್ದರು. ಇರುವೆಯನ್ನೂ ತುಳಿಯದ ರಾಜ ಧವಳರಾಯ ಹೀಗಾಗಿಬಿಟ್ಟನಲ್ಲ ಅಂತ ಮರುಗಿದರು. ಆಗದೇ ಏನು ಮಾಡಿಯಾನು ಪಾಪ! ಹಿಂದಿನ ವರ್ಷ ಮೂರು ಗುಡ್ಡದ ಸೈಕಲ್ ಪಂದ್ಯದಲ್ಲಿ ಅವನ ಒಬ್ಬನೇ ಮಗ ಇಂದುಧರ ಕೊನೆಯ ಏರಿನಲ್ಲಿ ಕುಸಿದು ಪ್ರಾಣ ಬಿಟ್ಟಿದ್ದ. ಅವತ್ತಿನಿಂದ ರಾಜನಿಗೆ ಅನ್ನ ಸೇರದು, ನಿದ್ದೆ ಹತ್ತದು.

ಬೇಡಿದ್ದು ಸಿಗುತ್ತದೆ ಎಂದರೆ ಬಾರದವರುಂಟೇ? ಜರಿ ಪಂಚೆಯವರು, ನೆರೆಸೀಮೆಯ ಕುವರರು, ಮೀಸೆ ತಿರುವಿಕೊಂಡು ಬಂದವರೆಲ್ಲ ತಪ್ಪು ಹೇಳಿ ಸೆರೆಮನೆ ಸೇರಿದರು.

ಕಂಬಳಿ ನೇಯುವವರ ಮನೆಯ ಮೈಲಾರಿಗೆ ಮಾತ್ರ ಇದು ಸಂಕಟ ತಂದಿತು. ಅವನು ಇಂದುಧರನ ಜೀವದ ಗೆಳೆಯ. ಇಬ್ಬರೂ ಜೊತೆಯಲ್ಲೇ ಸೈಕಲ್ ಕಲಿತವರು. ಗೆಳೆಯ ಹೇಗೆ ಸತ್ತ ಎಂಬುದು ಅವನಿಗೆ ಗೊತ್ತಿತ್ತು, ಒಗಟುಗಳ ಉತ್ತರವೂ ಅದರಲ್ಲೇ ಇದೆ ಎಂದು ಕೇಳಿದಾಗಲೇ ಹೊಳೆದಿತ್ತು. ಹೇಳಿದರೆ ಮುದುಕ ರಾಜನ ಎದೆ ಒಡೆಯುತ್ತದೆ, ಹೇಳದಿದ್ದರೆ ಸೆರೆಯಲ್ಲಿದ್ದವರ ತಲೆ ಹೋಗುತ್ತದೆ. ಪಂದ್ಯದ ಹಿಂದಿನ ದಿನ ತಡೆಯಲಾರದೆ ಅರಮನೆಗೆ ಹೋಗಿ ಕೈಮುಗಿದು ನಿಂತ.

ರಾಜ ತಲೆ ಎತ್ತದೆ ಕೇಳಿದ. "ಮೊದಲ ಗುಡ್ಡದಲ್ಲಿ ಧಾರಾಳವಾಗಿ ಚೆಲ್ಲುತ್ತಾರೆ, ಮೂರನೆಯದರಲ್ಲಿ ತಡಕಾಡಿದರೂ ಸಿಗುವುದಿಲ್ಲ. ಏನದು?"

ಇದಕ್ಕೆ ಧೈರ್ಯ ಎಂದವರು ಸೆರೆಯೊಳಗೆ ಹೋಗಿದ್ದರು.

"ಬುದ್ಧಿ, ಅದು ದಮ್ಮು. ಅದನ್ನು ಮೂರೂ ಗುಡ್ಡಕ್ಕೆ ಹಂಚಿಕೊಳ್ಳಬೇಕು," ಎಂದ ಮೈಲಾರಿ.

"ಏರಿನಲ್ಲಿ ಹಿಂದಕ್ಕೆ ಜಗ್ಗುತ್ತದೆ, ಇಳಿಜಾರಿನಲ್ಲಿ ಮುಂದಕ್ಕೆ ನೂಕುತ್ತದೆ. ಇಳಿಸಿಟ್ಟು ಹೋಗಲಾಗದು. ಏನದು?"

ಗಾಳಿ ಎಂದವರು ಇಲ್ಲಿ ಸಿಕ್ಕಿಬಿದ್ದಿದ್ದರು.

"ನಮ್ಮದೇ ಮೈಭಾರ, ಬುದ್ಧಿ. ಏರಿನಲ್ಲಿ ಅದರ ಜೊತೆ ಗುದ್ದಾಡಬಾರದು. ಇಳಿಜಾರಿನಲ್ಲಿ ಅದಕ್ಕೇ ಬಿಟ್ಟು ಕಾಲಿಗೆ ಬಿಡುವು ಕೊಡಬೇಕು."

ರಾಜ ಈಗ ಮುಖ ಎತ್ತಿದ. "ಮುಟ್ಟಲಿಲ್ಲ, ಬೈಯಲಿಲ್ಲ, ಕೂತಲ್ಲಿಂದ ಏಳಲೂ ಇಲ್ಲ. ಆದರೂ ನನ್ನ ಮಗನ ದಮ್ಮು ಕಸಿದವರು ಯಾರು?"

ಯಮ ಎಂದವರಿದ್ದರು, ವಿಧಿ ಎಂದವರಿದ್ದರು. ಮೈಲಾರಿ ಮುಗಿದ ಕೈ ಇಳಿಸದೆ ಹೇಳಿದ.

"ನೀವು, ಬುದ್ಧಿ."

ಭಟರು ಕತ್ತಿಗೆ ಕೈ ಹಾಕಿದರು. ರಾಜ ಬೇಡವೆಂದು ಸನ್ನೆ ಮಾಡಿದ.

ಮೈಲಾರಿ ಅಳುತ್ತಲೇ ಬಿಡಿಸಿ ಹೇಳಿದ. ಮೊದಲ ಗುಡ್ಡವನ್ನು ಅಕ್ಕಪಕ್ಕದಲ್ಲಿ ಮಾತಾಡಿಕೊಂಡು ಹತ್ತುವುದು, ಮಾತು ನಿಂತರೆ ವೇಗ ಹೆಚ್ಚಾಯಿತೆಂದು ತಿಳಿಯುವುದು, ಎರಡನೆಯದನ್ನು ಸುಮ್ಮನೆ ಒಂದೇ ಹದದಲ್ಲಿ ತುಳಿಯುವುದು, ಉಳಿದದ್ದನ್ನೆಲ್ಲ ಮೂರನೆಯದಕ್ಕೆ ಸುರಿಯುವುದು ಎಂದು ಗೆಳೆಯರಿಬ್ಬರೂ ಗೊತ್ತು ಮಾಡಿಕೊಂಡಿದ್ದರು. ಆದರೆ ಪದ್ಧತಿಯಂತೆ ರಾಜನ ಪೀಠ ಇದ್ದದ್ದು ಮೊದಲ ಗುಡ್ಡದ ನೆತ್ತಿಯಲ್ಲಿ. ಅಲ್ಲಿಗೆ ಮೊದಲು ಬಂದವನಿಗೆ ರಾಜನೇ ರುಮಾಲು ಸುತ್ತುತ್ತಿದ್ದ. ರುಮಾಲು ಹಿಡಿದು ಕೂತ ಅಪ್ಪನನ್ನು ಕಂಡದ್ದೇ ತಡ, ಇಂದುಧರ ಮಾತು ನಿಲ್ಲಿಸಿ ಸೀಟು ಬಿಟ್ಟೆದ್ದು ತುಳಿದ. ಕೂಗಿದರೂ ತಿರುಗಲಿಲ್ಲ. ಮೂರನೆಯ ಏರಿಗೆ ದಮ್ಮೇ ಉಳಿಯಲಿಲ್ಲ, ಮೈಲಾರಿ ಹತ್ತಿರ ಬರುವಷ್ಟರಲ್ಲಿ ಕುಸಿದಿದ್ದ.

"ಬಲ್ಲೆ," ಎಂದ ರಾಜ. "ಯಾರಾದರೂ ಬಾಯಿಬಿಟ್ಟು ಹೇಳಲಿ ಅಂತ ಕಾದಿದ್ದೆ. ಕೊನೆಗೆ ಏನಾದರೂ ಅಂದನೇ?"

"ಅಪ್ಪಾಜಿ ನೋಡಿದರಾ ಅಂತ ಕೇಳಿದರು, ಬುದ್ಧಿ."

ಏನು ಬೇಕೋ ಬೇಡು ಎಂದಾಗ ಮೈಲಾರಿ ಸೆರೆಯವರ ಬಿಡುಗಡೆ ಬೇಡಿದ, ಪೀಠವನ್ನು ಮೂರನೇ ಗುಡ್ಡಕ್ಕೆ ಸಾಗಿಸಬೇಕೆಂದ. ರಾಜ ಎರಡಕ್ಕೂ ಒಪ್ಪಿ, ಮಗನ ಸೈಕಲ್ಲನ್ನೂ ತಾನಾಗಿ ಅವನ ಕೈಗಿತ್ತ.

ಮರುದಿನ ಮೊದಲ ಗುಡ್ಡವನ್ನು ಮೈಲಾರಿ ಮಾತಾಡುತ್ತಲೇ ಹತ್ತಿದ. ಪಕ್ಕದಲ್ಲಿ ಯಾರೂ ಇರಲಿಲ್ಲ. ಎಲ್ಲರೂ ಮುಂದೆ ಹೋದರು, ಮೂರನೆಯ ಏರಿನಲ್ಲಿ ಒಬ್ಬೊಬ್ಬರಾಗಿ ಹಿಂದೆ ಬಿದ್ದರು. ನೆತ್ತಿಗೆ ಮೊದಲು ಬಂದವನು ಅವನೇ. ರಾಜ ಅವನ ತಲೆಗೆ ರುಮಾಲು ಸುತ್ತಿದ. ಕಣ್ಣು ಮಾತ್ರ ಮಗನ ಸೈಕಲ್ಲಿನ ಮೇಲಿತ್ತು.

"ನೋಡಿದೆ ಕಣಪ್ಪಾ, ನೋಡಿದೆ," ಎಂದ.