ಚೆಡುಗುಡು ಆಡಿಸುತ್ತಿದ್ದ ನಿಂಗಾಜಮ್ಮ

ಇನ್ನೂ ಸ್ವಲ್ಪ ಹತ್ತಿರ ಬಂದು ಕೂತ್ಕೊಳ್ಳಿ. ದೊಡ್ಡವರೂ ಬನ್ನಿ, ಇದು ನಿಮಗೂ ಬೇಕಾದ ಕಥೆ.

ಹೆಬ್ಬೊಳೆ ಅಂತ ಒಂದು ರಾಜ್ಯ ಇತ್ತು. ಮಾದರಸ ಅಂತ ಅಲ್ಲಿಯ ರಾಜ. ಹೊಳೆಯ ಆಚೆ ದಡದಲ್ಲಿ ಕಗ್ಗಲ್ಲು ಅಂತ ಇನ್ನೊಂದು ರಾಜ್ಯ. ಎರಡರ ನಡುವೆ ಹೊಳೆಯಲ್ಲೊಂದು ನಡುಗಡ್ಡೆ. ಸುತ್ತಲ ನೆಲವೆಲ್ಲ ಒಣಗಿದರೂ ಆ ನಡುಗಡ್ಡೆಯಲ್ಲಿ ಮೊಣಕಾಲೆತ್ತರದ ಹಸಿರು ಹುಲ್ಲು. ಅದು ಯಾರ ದನಗಳಿಗೆ ಅಂತ ಹಿಂದೆ ಬಡಿದಾಡಿ ತಲೆಗಳೇ ಉರುಳಿದ್ದವು. ಕೊನೆಗೆ ಎರಡು ಕಡೆಯ ಹಿರಿಯರೂ ಕೂತು ಒಂದು ಕಟ್ಟು ಮಾಡಿದರು. ವರ್ಷಕ್ಕೊಂದು ಸಲ ಹೊಳೆಯ ಮರಳಿನ ಮೇಲೆ ಮೂರು ದಿನ ಚೆಡುಗುಡು ಆಡೋದು. ನೀವು ಕಬಡ್ಡಿ ಅಂತೀರಲ್ಲ, ಅದೇ. ಮೂರರಲ್ಲಿ ಎರಡು ದಿನ ಯಾರು ಗೆದ್ದರೋ ಆ ಬೇಸಿಗೆಯ ಹುಲ್ಲು ಅವರದ್ದು.

ಒಂದು ವರ್ಷ ಹೆಬ್ಬೊಳೆ ಸೋತಿತು. ಮರುವರ್ಷ ಸೋತಿತು. ಅದರ ಮರುವರ್ಷವೂ ಸೋತಿತು. ದನಗಳ ಪಕ್ಕೆಲುಬು ಎಣಿಸುವ ಹಾಗಾಯಿತು. ಮಕ್ಕಳ ಲೋಟದಲ್ಲಿ ಹಾಲು ಹೋಗಿ ಗಂಜಿ ಬಂತು.

ಹೆಬ್ಬೊಳೆಯವರಿಗೆ ಆಟ ಅಂದರೆ ಪ್ರಾಣ. ಊರಮುಂದಿನ ಅರಳಿಕಟ್ಟೆಯ ಮೇಲೆ ಬೆಳಿಗ್ಗೆಯಿಂದ ಸಂಜೆತನಕ ಅದೇ ಮಾತು. ಆ ಕಟ್ಟೆಗೆ ದೊಡ್ಡ ಬಾಯಿ ಅಂದರೆ ತಿಮ್ಮರಸಯ್ಯ, ಅರಮನೆಯ ಉಗ್ರಾಣ ನೋಡಿಕೊಳ್ಳುತ್ತಿದ್ದ ಪಾರುಪತ್ಯಗಾರ. ಹುಟ್ಟಿದಮೇಲೆ ಒಂದು ದಿನವೂ ಮರಳಿಗೆ ಕಾಲಿಟ್ಟವನಲ್ಲ. ಆದರೆ ಆಟ ಮುಗಿದ ಮೇಲೆ ಅವನದ್ದು ಒಂದೇ ಮಾತು: ‘ನಾನು ಮೊದಲೇ ಹೇಳಿದ್ದೆ.’ ಗೆದ್ದರೂ ಅದೇ, ಸೋತರೂ ಅದೇ. ಜನ ಅವನ ಮಾತಿಗೆ ತಲೆದೂಗುತ್ತಿದ್ದರು.

ಮೂರು ಸಲ ಸೋತ ಮೇಲೆ ಮಾದರಸ ಹಳೇ ತಾಲೀಮುಗಾರರನ್ನೆಲ್ಲ ಬಿಡಿಸಿ ನಿಂಗಾಜಮ್ಮನನ್ನು ಕರೆಸಿದ. ಅವಳ ಗಂಡ ಊರಿನ ಗರಡಿ ನಡೆಸುತ್ತಿದ್ದವನು. ಅವನು ತೀರಿಕೊಂಡ ಮೇಲೆ ಇವಳೇ ಹದಿನೆಂಟು ವರ್ಷ ಹುಡುಗರಿಗೆ ಆಟ ಕಲಿಸಿದ್ದಳು. ನೆರೆತ ಕೂದಲು, ತೆಳ್ಳಗಿನ ಮೈ, ಮಾತು ಕಡಿಮೆ. ರಾಜ ಕೈಮುಗಿದು ಈ ಸಲ ನೀನೇ ಆಡಿಸಬೇಕು ಅಂದ. ಅವಳು ಒಪ್ಪಿಕೊಂಡಳು.

ಮೊದಲು ಆಟಗಾರರನ್ನು ಆರಿಸಬೇಕಿತ್ತು. ಅರಮನೆಯ ಮುಂದೆ ಒಂದು ದಿನ ಪ್ರಾಯದವರೆಲ್ಲ ಬಂದು ಆಡಿ ತೋರಿಸಿದರು. ಕೆಂಚ ಅನ್ನುವವನು ಮೂವರ ತಲೆ ಮೇಲಿಂದ ಹಾರಿ ಗೆರೆ ಮುಟ್ಟಿದ. ಜನ ಹುಚ್ಚೆದ್ದು ಕುಣಿದರು. ಆಮೇಲೆ ಆನೆಮರಿಯಂಥ ಒಬ್ಬ ಬಂದು ತೊಡೆ ತಟ್ಟಿದ. ಜನ ಮತ್ತೆ ಕುಣಿದರು. ಕೊನೆಗೆ ಕುಂಬಾರರ ಸೋಬ ಬಂದ. ಗಿಡ್ಡ, ದಪ್ಪ ಕಾಲು, ನಿಧಾನ. ಮೊದಲ ಹೆಜ್ಜೆಗೇ ಎಡವಿ ಬಿದ್ದ. ಜನ ಹೊಟ್ಟೆ ಹಿಡಿದುಕೊಂಡು ನಕ್ಕರು.

ನಿಂಗಾಜಮ್ಮ ಕೆಂಚನನ್ನು ತೆಗೆದುಕೊಂಡಳು. ಆನೆಮರಿಯಂಥವನನ್ನು ಬಿಟ್ಟಳು. ಸೋಬನನ್ನು ತೆಗೆದುಕೊಂಡಳು.

ಕಟ್ಟೆಯ ಮೇಲೆ ಗುಲ್ಲೋ ಗುಲ್ಲು. ತಿಮ್ಮರಸಯ್ಯ ಜನರನ್ನು ಕಟ್ಟಿಕೊಂಡು ರಾಜನ ಹತ್ತಿರ ಹೋಗಿ, ಮಡಕೆ ಮಾಡುವವನನ್ನು ಕರೆತಂದು ರಾಜ್ಯದ ಮಾನ ಕಳೆಯುತ್ತಿದ್ದಾಳೆ ಅಂತ ದೂರು ಕೊಟ್ಟ. ರಾಜ ನಿಂಗಾಜಮ್ಮನನ್ನು ಕರೆಸಿ ಕೇಳಿದ.

“ಬುದ್ಧಿ, ಇವರೆಲ್ಲ ಸೋಬನನ್ನು ಒಂದು ಮಧ್ಯಾಹ್ನ ನೋಡಿದ್ದಾರೆ,” ಅಂದಳು ಅವಳು. “ನಾನು ಒಂದು ತಿಂಗಳಿಂದ ದಿನಾ ಬೆಳಿಗ್ಗೆ ಗರಡಿಯಲ್ಲಿ ನೋಡುತ್ತಿದ್ದೇನೆ. ಮಣ್ಣು ತುಳಿದು ತುಳಿದು ಅವನ ಕಾಲು ನೆಲಕ್ಕೆ ನೆಟ್ಟ ಹಾಗೆ ನಿಲ್ಲುತ್ತೆ. ಎದುರಾಳಿ ಕೈ ಆಡಿಸಿ ಆಟ ಕಟ್ಟಿದರೆ ಬೇರೆಯವರು ಕೈ ನೋಡುತ್ತಾರೆ, ಇವನು ಸೊಂಟ ನೋಡುತ್ತಾನೆ. ಸೊಂಟ ಸುಳ್ಳು ಹೇಳೋದಿಲ್ಲ.”

ರಾಜ ಸರಿ ಅಂದ.

ಆಮೇಲೆ ತಾಲೀಮು ಶುರುವಾಯಿತು. ನಿಂಗಾಜಮ್ಮ ಆಡುವ ಏಳು ಜನರನ್ನೂ ಬದಲಿಗೆ ಇಟ್ಟುಕೊಂಡಿದ್ದ ಒಬ್ಬನನ್ನೂ ಹೊಳೆಗಿಳಿಸಿದಳು. ತೊಡೆಮಟ್ಟದ ನೀರಲ್ಲಿ ಕೈಕೈ ಹಿಡಿದು ಆಚೆಗೆ ನಡೆಯಬೇಕು, ಈಚೆಗೆ ನಡೆಯಬೇಕು. ಒಂದು ವಾರ ಅದೇ. ಎರಡನೇ ವಾರವೂ ಅದೇ. ಮೂರನೇ ವಾರವೂ ಅದೇ. ಹಾರೋದಿಲ್ಲ, ತೊಡೆ ತಟ್ಟೋದಿಲ್ಲ. ನೋಡೋಕೆ ಬಂದವರಿಗೆ ಆಕಳಿಕೆ ಬಂತು. ಇವಳು ಚೆಡುಗುಡು ಕಲಿಸುತ್ತಿದ್ದಾಳೋ ಮೀನು ಹಿಡಿಯೋದು ಕಲಿಸುತ್ತಿದ್ದಾಳೋ ಅಂತ ತಮಾಷೆ ಮಾಡಿದರು. ತಿಮ್ಮರಸಯ್ಯ ಮತ್ತೆ ರಾಜನ ಹತ್ತಿರ ಹೋದ. ರಾಜ ಮತ್ತೆ ಅವಳನ್ನು ಕರೆಸಿದ.

ನಿಂಗಾಜಮ್ಮ ಹೇಳಿದ್ದು ಇಷ್ಟು. ಮೂರು ವರ್ಷವೂ ನಾವು ಸೋತದ್ದು ಹಾರೋಕೆ ಬಾರದೆ ಅಲ್ಲ. ದಾಳಿಗೆ ಬಂದವನನ್ನು ಹಿಡಿಯುವಾಗ ಮೂರನೆಯವನ ಕೈಯೂ ನಾಲ್ಕನೆಯವನ ಕೈಯೂ ಬಿಟ್ಟುಹೋಗುತ್ತಿತ್ತು. ಅವನು ಆ ಸಂದಿಯಲ್ಲೇ ನುಗ್ಗಿ ಹೋಗುತ್ತಿದ್ದ. ನೀರಿನ ಸೆಳೆತದಲ್ಲಿ ಕೈ ಬಿಡದೆ ಇದ್ದವರು ಮರಳಲ್ಲಿ ಬಿಡೋದಿಲ್ಲ.

ರಾಜನಿಗೆ ಆಶ್ಚರ್ಯವಾಯಿತು. ಮೂರು ವರ್ಷ ಅವನೂ ಮುಂದಿನ ಸಾಲಿನಲ್ಲೇ ಕೂತು ನೋಡಿದ್ದ. ಆ ಸಂದಿ ಒಂದು ಸಲವೂ ಅವನ ಕಣ್ಣಿಗೆ ಬಿದ್ದಿರಲಿಲ್ಲ.

ಆಟದ ದಿನ ಬಂತು. ಎರಡು ದಡದಲ್ಲೂ ಕಾಲಿಡೋಕೆ ಜಾಗವಿಲ್ಲದಷ್ಟು ಜನ. ಮೊದಲ ದಿನ ಸಂಜೆತನಕ ಸಮಸಮ ಆಟ. ಕೊನೆಯ ದಾಳಿ ಹೆಬ್ಬೊಳೆಯದ್ದು. ಕಗ್ಗಲ್ಲಿನ ಕಡೆ ಇಬ್ಬರೇ ಉಳಿದಿದ್ದರು. ಕೆಂಚ, ಕೆಂಚ ಅಂತ ಜನ ಕೂಗಿದರು. ನಿಂಗಾಜಮ್ಮ ಜವರ ಅನ್ನುವ ಮೆತ್ತಗಿನವನನ್ನು ಕಳಿಸಿದಳು. ಆ ಇಬ್ಬರ ಕಣ್ಣೂ ಕೆಂಚನ ಮೇಲೇ ಇತ್ತು, ಜವರನ ಬಗ್ಗೆ ಅವರಿಗೆ ಏನೂ ಗೊತ್ತಿರಲಿಲ್ಲ. ಅವಳ ಎಣಿಕೆ ಸರಿಯಾಗೇ ಇತ್ತು. ಜವರ ಒಳಗೆ ಹೋದ, ಒಬ್ಬನನ್ನು ಮುಟ್ಟಿದ, ಇನ್ನೊಬ್ಬನನ್ನೂ ಮುಟ್ಟಿದ, ತಿರುಗಿದ. ಹಸಿ ಮರಳಲ್ಲಿ ಕಾಲು ಜಾರಿ ಪಕ್ಕದ ಗೆರೆಯಾಚೆ ಬಿದ್ದ.

ಹೆಬ್ಬೊಳೆ ಸೋತಿತು.

ಆ ಸಂಜೆ ಕಟ್ಟೆ ಹೊತ್ತಿ ಉರಿಯಿತು. ಕೆಂಚನನ್ನು ಕಳಿಸಿದ್ದರೆ ಗೆಲ್ಲುತ್ತಿದ್ದೆವು ಅನ್ನುವುದು ಈಗ ಎಳೆಮಕ್ಕಳಿಗೂ ಗೊತ್ತಾಗಿಬಿಟ್ಟಿತ್ತು. ಆಗ ತಿಮ್ಮರಸಯ್ಯ ಒಂದು ಕೆಟ್ಟ ಕೆಲಸ ಮಾಡಿದ. ನಿಂಗಾಜಮ್ಮನ ತವರು ಕಗ್ಗಲ್ಲು, ಅಣ್ಣತಮ್ಮಂದಿರ ದನ ಮೇಯಲಿ ಅಂತ ಬೇಕಂತಲೇ ಸೋಲಿಸಿದ್ದಾಳೆ ಅಂತ ಹಬ್ಬಿಸಿದ. ಅವಳ ತವರು ಕಗ್ಗಲ್ಲು ಅನ್ನುವುದು ನಿಜ. ಉಳಿದದ್ದೆಲ್ಲ ಸುಳ್ಳು. ಆದರೆ ಸೋತ ಜನಕ್ಕೆ ಆ ಸುಳ್ಳು ಬೇಕಾಗಿತ್ತು. ಅವಳು ನಡೆದು ಬರುವಾಗ ಹದಿನೆಂಟು ವರ್ಷ ‘ಅವ್ವಾ’ ಅಂತ ಕರೆದವರೇ ಮುಖ ತಿರುಗಿಸಿಕೊಂಡರು. ಯಾರೋ ಅವಳ ಸೆರಗಿನ ಮೇಲೆ ಮಣ್ಣೆರಚಿದರು. ಅವಳು ಕೊಡವಿಕೊಂಡು ಅರಮನೆಗೆ ನಡೆದಳು.

ಅಲ್ಲಿ ತಿಮ್ಮರಸಯ್ಯ ಆಗಲೇ ನಿಂತಿದ್ದ. ಇವಳನ್ನು ರಾಜ್ಯದಿಂದ ಆಚೆಗೆ ಹಾಕಬೇಕು, ನಾಳೆ ನಾನೇ ಆಡಿಸುತ್ತೇನೆ, ಏನಾಗುತ್ತೆ ಅಂತ ನನಗೆ ಯಾವಾಗಲೂ ಮೊದಲೇ ಗೊತ್ತು ಅಂದ. ರಾಜನ ಮನಸ್ಸು ಹೊಯ್ದಾಡಿತು. ಏನಂತೀಯ ಅಂತ ನಿಂಗಾಜಮ್ಮನನ್ನು ಕೇಳಿದ.

“ನಾಳೆ ಅದೇ ಗಳಿಗೆ ಬಂದರೆ ಜವರನನ್ನೇ ಕಳಿಸುತ್ತೇನೆ ಬುದ್ಧಿ. ಜಾರಿದ್ದು ಅವನ ತಪ್ಪಲ್ಲ, ಕಳಿಸಿದ್ದು ನನ್ನ ತಪ್ಪಲ್ಲ,” ಅಂದಳು. “ಅಯ್ಯನವರಿಗೆ ಮೊದಲೇ ಗೊತ್ತಾಗುತ್ತೆ ಅಂದರೆ ಒಳ್ಳೆಯದೇ. ಮೊದಲೇ ಹೇಳಲಿ. ನಾಳೆ ಇಬ್ಬರು ಓಲೆ ಬರೆಯುವವರನ್ನು ಕೂರಿಸಿ. ಒಬ್ಬ ಅವರ ಹತ್ತಿರ, ಒಬ್ಬ ನನ್ನ ಹತ್ತಿರ. ಒಂದೊಂದು ದಾಳಿಗೂ ಮುಂಚೆ ನಾನು ಕಳಿಸುವವನಿಗೆ ಏನಾಗುತ್ತೆ ಅಂತ ಇಬ್ಬರೂ ಹೇಳೋಣ. ಅವರು ಬರೆಯಲಿ. ನಾಳೆಯೂ ನಾನೇ ಆಡಿಸುತ್ತೇನೆ, ಸೋತರೆ ಈ ರಾಜ್ಯದಲ್ಲಿ ಇರೋದಿಲ್ಲ.”

ರಾಜ ಒಪ್ಪಿದ. ತಿಮ್ಮರಸಯ್ಯ ಮೀಸೆ ತಿರುವುತ್ತ ಮನೆಗೆ ಹೋದ.

ಎರಡನೇ ದಿನ. ಇಬ್ಬರು ಬರಹಗಾರರು ಓಲೆ ಕೊರೆಯುವ ಕಂಠ ಹಿಡಿದು ಕೂತರು. ಬೆಳಿಗ್ಗೆಯಿಂದ ಸಂಜೆತನಕ ಹೆಬ್ಬೊಳೆಯವರು ಮೂವತ್ತು ಸಲ ದಾಳಿಗೆ ಹೋದರು. ಮೂವತ್ತು ಸಲವೂ ತಿಮ್ಮರಸಯ್ಯ ಒಂದು ಹೇಳಿದ, ನಿಂಗಾಜಮ್ಮ ಒಂದು ಹೇಳಿದಳು. ನೀರಲ್ಲಿ ನಡೆದಿದ್ದ ಕೈಗಳು ಆ ದಿನ ಒಂದು ಸಲವೂ ಬಿಡಲಿಲ್ಲ. ಹೊತ್ತು ಇಳಿಯುವಾಗ ಹೆಬ್ಬೊಳೆ ಗೆದ್ದಿತು.

ಗೆದ್ದದ್ದೇ ತಡ, ತಿಮ್ಮರಸಯ್ಯ ದಿಬ್ಬ ಹತ್ತಿದ. ನಾನು ಹೇಳಿದಂತೆಯೇ ಆಯಿತು, ಒಂದೂ ತಪ್ಪಲಿಲ್ಲ ಅಂತ ಸಾರಿದ. ಜನ ಅವನನ್ನು ಹೆಗಲ ಮೇಲೆ ಕೂರಿಸಿಕೊಂಡರು. ಮಾದರಸ ಕೈಯೆತ್ತಿ ಎಲ್ಲರನ್ನೂ ಸುಮ್ಮನಾಗಿಸಿ, ಓಲೆ ಓದಿ ಅಂದ.

ತಿಮ್ಮರಸಯ್ಯನ ಹತ್ತಿರ ಕೂತಿದ್ದ ಬರಹಗಾರ ಓದುತ್ತ ಹೋದ. ಮೊದಲನೆಯದು ತಪ್ಪು. ಎರಡನೆಯದು ತಪ್ಪು. ಮೂರನೆಯದು ಸರಿ. ಏಳನೆಯದು ಓದುವಾಗ ಅವನಿಗೇ ನಗು ತಡೆಯಲಾಗಲಿಲ್ಲ. ‘ಕೆಂಚ ಹೋದರೆ ಗೆದ್ದು ಬರುತ್ತಾನೆ, ಇಲ್ಲವೇ ಸಿಕ್ಕಿಬೀಳುತ್ತಾನೆ’ ಅಂತ ಅದರಲ್ಲಿತ್ತು. ದಡದ ತುಂಬ ನಗೆ ಎದ್ದಿತು. ಕೊನೆಗೆ ಮೂವತ್ತರಲ್ಲಿ ಹನ್ನೊಂದು ಸರಿ, ಹತ್ತೊಂಬತ್ತು ತಪ್ಪು.

ತಿಮ್ಮರಸಯ್ಯನ ಮುಖ ಸಪ್ಪಗಾಯಿತು. “ಇದನ್ನೆಲ್ಲ ನಾನು ಹೇಳಲೇ ಇಲ್ಲ,” ಅಂದ. ಅವನು ಆಗ ಸುಳ್ಳು ಹೇಳುತ್ತಿರಲಿಲ್ಲ, ಗೊತ್ತಾ? ಅವನಿಗೆ ನಿಜವಾಗಿಯೂ ನೆನಪಿರಲಿಲ್ಲ. ಸರಿಯಾದ ಹನ್ನೊಂದು ಮಾತ್ರ ಅವನ ತಲೆಯಲ್ಲಿ ಉಳಿದಿತ್ತು. ಅವನನ್ನು ಹೊತ್ತಿದ್ದವರು ಮೆಲ್ಲಗೆ ಕೆಳಗಿಳಿಸಿದರು. ಪ್ರತಿಯೊಬ್ಬನೂ ಒಳಗೊಳಗೇ, ನನ್ನ ಮಾತನ್ನೂ ಯಾರಾದರೂ ಬರೆದಿಟ್ಟಿದ್ದರೆ ಏನು ಗತಿ ಅಂದುಕೊಂಡ.

ಆಮೇಲೆ ನಿಂಗಾಜಮ್ಮನ ಓಲೆ ಓದಿದರು. ಹತ್ತೊಂಬತ್ತು ಸರಿ, ಹನ್ನೊಂದು ತಪ್ಪು.

“ನಿನಗೂ ಹನ್ನೊಂದು ತಪ್ಪಿತಲ್ಲ ನಿಂಗಾಜಮ್ಮ?” ಅಂತ ರಾಜ ಕೇಳಿದ.

“ಹೌದು ಬುದ್ಧಿ. ಆ ಹನ್ನೊಂದನ್ನು ನನಗೆ ಕೊಡಿ. ನಾಳೆಗೆ ಬೇಕು.”

ಹತ್ತೊಂಬತ್ತನ್ನು ಅಲ್ಲೇ ಬಿಟ್ಟು ಹನ್ನೊಂದನ್ನು ತೆಗೆದುಕೊಂಡು ಹೋದಳು. ಆಟಗಾರರನ್ನೆಲ್ಲ ಸುತ್ತ ಕೂರಿಸಿಕೊಂಡು ಒಂದೊಂದನ್ನೂ ಓದಿಸಿ, ಇಲ್ಲಿ ನಾನು ಏನು ಕಾಣಲಿಲ್ಲ, ನಿಮಗೆ ಏನು ಕಂಡಿತು ಅಂತ ಕೇಳಿದಳು. ತನ್ನ ತಪ್ಪನ್ನು ಹೀಗೆ ಮಡಿಲಲ್ಲಿಟ್ಟುಕೊಂಡು ನೋಡುವವರನ್ನು ನೀವು ಎಷ್ಟು ಜನ ಕಂಡಿದ್ದೀರಿ ಹೇಳಿ.

ಮೂರನೇ ದಿನ ಬಂತು. ಇದನ್ನು ಗೆದ್ದವರಿಗೆ ಹುಲ್ಲು. ಕೆಂಚ ಆ ದಿನ ಗಾಳಿಯಂತೆ ಆಡಿದ. ಮಧ್ಯಾಹ್ನಕ್ಕೆ ಹೆಬ್ಬೊಳೆ ಮುಂದೆ, ಆಮೇಲೆ ಕಗ್ಗಲ್ಲು ಮುಂದೆ, ಕೊನೆಗೆ ಹೆಬ್ಬೊಳೆ ಒಂದೇ ಒಂದು ಮುಂದೆ. ಕಟ್ಟಕಡೆಯ ದಾಳಿ ಕಗ್ಗಲ್ಲಿನ ಭೈರನದ್ದು. ಅವನು ಇಬ್ಬರನ್ನು ಮುಟ್ಟಿ ಹಿಂದಿರುಗಿದರೆ ಎಲ್ಲ ಮುಗಿಯಿತು. ಹಿಂದೆ ಮೂರು ವರ್ಷವೂ ಹೆಬ್ಬೊಳೆಯನ್ನು ಸೋಲಿಸಿದವನು ಅವನೇ.

ಆಗ ನಿಂಗಾಜಮ್ಮ ಕೆಂಚನನ್ನು ಆಚೆಗೆ ಕರೆದಳು. ಹೊರಗೆ ಕಾದಿದ್ದ ಇನ್ನೊಬ್ಬನನ್ನು ಒಳಗೆ ಬಿಟ್ಟು, ಸೋಬನನ್ನು ಮೂಲೆಗೆ ನಿಲ್ಲಿಸಿದಳು.

ದಡದ ಮೇಲೆ ಒಬ್ಬ ತಿಮ್ಮರಸಯ್ಯನ ತೋಳು ಹಿಡಿದು, ಇದು ಸರಿಯೋ ತಪ್ಪೋ ಅಂತ ಕೇಳಿದ. ತಿಮ್ಮರಸಯ್ಯ ಗೊತ್ತಿಲ್ಲಪ್ಪಾ ಅಂದ. ಅವನ ಬಾಯಲ್ಲಿ ಆ ಮಾತು ಬಂದದ್ದು ಅದೇ ಮೊದಲು.

ಭೈರ ಗೆರೆ ದಾಟಿ ಬಂದ. ಎಡಕ್ಕೆ ಕೈ ಬೀಸಿದ. ಸೋಬ ಅಲ್ಲಾಡಲಿಲ್ಲ. ಬಲಕ್ಕೆ ಬೀಸಿದ. ಸೋಬ ಅಲ್ಲಾಡಲಿಲ್ಲ. ಮೂರನೇ ಸಲ ಸೊಂಟ ತಿರುಗಿತು. ಸೋಬ ಬಗ್ಗಿ ಅವನ ಕಣಕಾಲು ಹಿಡಿದ. ಆರು ಜನ ಕೈಕೈ ಹಿಡಿದು ಸುತ್ತುವರಿದರು. ಭೈರ ಎಳೆದ, ಜಗ್ಗಿದ, ಗೆರೆಯ ಕಡೆ ಬೆರಳು ಚಾಚಿದ. ಒಂದು ಗೇಣು ಉಳಿದಿರುವಾಗ ಅವನ ಉಸಿರು ಮುರಿಯಿತು, ಚೆಡುಗುಡು ನಿಂತಿತು.

ಕೆಂಚ ಹೊರಗೆ ಪಕ್ಕೆ ಹಿಡಿದುಕೊಂಡು ಕೂತಿದ್ದ. ಬೆಳಿಗ್ಗೆಯೇ ಪಕ್ಕೆ ಉಳುಕಿತ್ತು, ಯಾರಿಗೂ ಹೇಳಿರಲಿಲ್ಲ. ನಿನಗೆ ಹೇಗೆ ಗೊತ್ತಾಯಿತು ಅವ್ವಾ ಅಂದ. ಊರೆಲ್ಲ ನಿನ್ನ ಕಾಲು ನೋಡುತ್ತಿತ್ತು ಮಗಾ, ನಾನು ನಿನ್ನ ದನಿ ಕೇಳುತ್ತಿದ್ದೆ, ಕೊನೆಯ ಮೂರು ದಾಳಿಯಲ್ಲಿ ಚೆಡುಗುಡು ಅನ್ನುವಾಗ ಅದು ಸಣ್ಣಗಾಗುತ್ತ ಬಂತು ಅಂದಳು. ಕೆಂಚ ಎದ್ದು ಹೋಗಿ ಸೋಬನನ್ನು ಅಪ್ಪಿಕೊಂಡ.

ಮಾರನೇ ದಿನ ಹೆಬ್ಬೊಳೆಯ ದನಗಳು ನೀರು ದಾಟಿ ನಡುಗಡ್ಡೆಗೆ ಹೋದವು. ಮುಖ ತಿರುಗಿಸಿದ್ದವರು ಬಂದು ನಿಂಗಾಜಮ್ಮನ ಮುಂದೆ ತಲೆ ತಗ್ಗಿಸಿ ನಿಂತರು. ಅವಳು ಯಾರನ್ನೂ ಬೈಯಲಿಲ್ಲ.

ತವರಿನ ಹೆಸರು ತೆಗೆದು ಸುಳ್ಳು ಹಬ್ಬಿಸಿದ್ದಕ್ಕೆ ತಿಮ್ಮರಸಯ್ಯನಿಗೆ ಏನು ಶಿಕ್ಷೆ ಅಂತ ರಾಜ ಅವಳನ್ನೇ ಕೇಳಿದ. ಒಂದು ತಿಂಗಳು ದಿನಾ ಬೆಳಿಗ್ಗೆ ತಾಲೀಮಿಗೆ ಬರಲಿ, ಮರಳು ಹಸನು ಮಾಡಲಿ, ಕೂತು ನೋಡಲಿ, ಮಾತಾಡಬಾರದು ಅಂದಳು. ಅವನು ಬಂದ. ಮೊದಮೊದಲು ನಾಲಿಗೆ ಕಚ್ಚಿಕೊಂಡು ಕೂರುತ್ತಿದ್ದ. ಬರಬರುತ್ತ ಮುಂದಕ್ಕೆ ಬಗ್ಗಿ ನೋಡತೊಡಗಿದ. ತಿಂಗಳು ತುಂಬಿದ ದಿನ ಮಾದರಸ ಅಲ್ಲಿಗೇ ಬಂದು, ಈಗ ಹೇಳು, ಇವರಲ್ಲಿ ಯಾರು ಹೆಚ್ಚು ಅಂತ ಕೇಳಿದ.

ತಿಮ್ಮರಸಯ್ಯ ಆಟಗಾರರನ್ನು ಒಬ್ಬೊಬ್ಬರನ್ನಾಗಿ ನೋಡಿದ.

“ಇನ್ನೊಂದು ತಿಂಗಳು ನೋಡೋಕೆ ಅಪ್ಪಣೆ ಕೊಡಿ ಬುದ್ಧಿ,” ಅಂದ.

ಕೇಳಿದಿರಲ್ಲ ಮಕ್ಕಳೇ. ದಡದಲ್ಲಿ ನಿಂತವರಿಗೆ ಆಟ ಕಾಣುತ್ತೆ, ಆಟದ ಹಿಂದಿನ ಕೆಲಸ ಕಾಣೋದಿಲ್ಲ. ಗೆದ್ದ ಮಾತ್ರಕ್ಕೆ ಮಾಡಿದ್ದೆಲ್ಲ ಸರಿಯಲ್ಲ, ಸೋತ ಮಾತ್ರಕ್ಕೆ ತಪ್ಪೂ ಅಲ್ಲ. ಯಾರನ್ನಾದರೂ ತೂಗಿ ನೋಡುವ ಮೊದಲು ಅವರನ್ನು ಬಹಳ ದಿನ ನೋಡಿ. ನಮ್ಮ ಮಾತು ಎಷ್ಟು ಸಲ ತಪ್ಪಿದೆ ಅನ್ನುವುದನ್ನೂ ಮರೆಯದೆ ಇಟ್ಟುಕೊಳ್ಳಿ. ಇದೇ ಈ ಕಥೆಯ ನೀತಿ. ಇನ್ನು ಎದ್ದು ಆಡೋಕೆ ಹೋಗಿ, ಹೊತ್ತಿದೆ.