ಎದುರು ದಿಬ್ಬದ ಮನುಷ್ಯ

ಶಿಷ್ಯ ಕೇಳಿದ: "ಗುರುಗಳೇ, ನಿನ್ನೆ ಪೇಟೆಯಲ್ಲಿ ಕುಸ್ತಿ ನಡೆಯಿತು. ಹಿಡಿದಾಡಿದ ಪೈಲ್ವಾನರಿಬ್ಬರು ಮೈಯ ಮಣ್ಣು ಕೊಡವಿಕೊಂಡು ಒಂದೇ ಬಾವಿಯ ನೀರು ಸುರಿದುಕೊಂಡರು. ನೋಡಲು ನಿಂತವರು ಒಬ್ಬರ ತಲೆ ಒಬ್ಬರು ಒಡೆದರು. ಗೆದ್ದದ್ದು ಇವರಲ್ಲ, ಸೋತದ್ದೂ ಇವರಲ್ಲ. ಇಂಥವರನ್ನು ಮನುಷ್ಯರು ಎನ್ನಬೇಕೇ?"

ಗುರುಗಳು ಅವನನ್ನು ಕೂರಿಸಿಕೊಂಡು ಕತೆ ಹೇಳಿದರು.

ಒಂದು ಊರಿನಲ್ಲಿ ಸುಣ್ಣ ಸುಡುವವನೊಬ್ಬನಿದ್ದ. ಅವನ ಭಟ್ಟಿ ಊರ ಹೊರಗಿತ್ತು. ಸುಣ್ಣದ ಉರಿಗೆ ಅವನ ಅಂಗೈ ಬಿರುಕು ಬಿಟ್ಟಿತ್ತು. ಗೋಡೆ ಬಿಳಿಯಾಗಬೇಕಾದಾಗ ಜನ ಅವನನ್ನು ಹುಡುಕಿಕೊಂಡು ಬರುತ್ತಿದ್ದರು. ಗೋಡೆ ಬಿಳಿಯಾದ ಮೇಲೆ ಅವನ ಮುಖ ಯಾರಿಗೂ ನೆನಪಿರುತ್ತಿರಲಿಲ್ಲ. ಅವನ ಹೆಸರು ಕೇಳಿದವರೂ ಇರಲಿಲ್ಲ. "ಏ ಸುಣ್ಣದವನೇ" ಎಂದರೆ ಅವನು ತಿರುಗುತ್ತಿದ್ದ.

ಆ ಊರಿನ ಗರಡಿಯಲ್ಲಿ ಒಬ್ಬ ಪೈಲ್ವಾನನಿದ್ದ. ಹೊಳೆಯಾಚೆಯ ಊರಿನಲ್ಲಿ ಇನ್ನೊಬ್ಬನಿದ್ದ. ಸುಗ್ಗಿ ಮುಗಿದ ಮೇಲೆ ಇಬ್ಬರೂ ಹೊಳೆದಂಡೆಯ ಅಖಾಡದಲ್ಲಿ ಎದುರಾಗುತ್ತಿದ್ದರು. ಅಖಾಡದ ಎರಡು ಬದಿಗೆ ಎರಡು ದಿಬ್ಬ. ಮೂಡಣ ದಿಬ್ಬ ಊರಿನ ಪೈಲ್ವಾನನ ಕಡೆಯವರಿಗೆ, ಪಡುವಣ ದಿಬ್ಬ ಆಚೆಯವನ ಕಡೆಯವರಿಗೆ. ಹಾಗೆಂದು ಯಾರೂ ಬರೆದಿಟ್ಟಿರಲಿಲ್ಲ. ಅಜ್ಜಂದಿರು ನಿಂತಲ್ಲಿ ಮೊಮ್ಮಕ್ಕಳು ನಿಲ್ಲುತ್ತಿದ್ದರು. ಸುತ್ತಲಿನ ಹಳ್ಳಿಯವರೂ ಬಂದು ತಮಗೆ ಬೇಕಾದವನ ದಿಬ್ಬ ಹತ್ತುತ್ತಿದ್ದರು.

ಸುಣ್ಣದವನು ಮೂಡಣ ದಿಬ್ಬದ ಮುಂದಿನ ಸಾಲಿನಲ್ಲಿ ನಿಲ್ಲುತ್ತಿದ್ದ. ಅವನ ಗಂಟಲು ದೊಡ್ಡದು. ಅವನು ಕೂಗಿದರೆ ದಿಬ್ಬವೇ ಕೂಗುತ್ತಿತ್ತು. ಅಲ್ಲಿ ಅವನಿಗೆ ಜಾಗ ಬಿಡುತ್ತಿದ್ದರು. ಹೆಗಲ ಮೇಲೆ ಕೈ ಹಾಕಿ "ಅಣ್ಣಾ" ಎನ್ನುತ್ತಿದ್ದರು. ತಮ್ಮ ರೊಟ್ಟಿ ಮುರಿದು ಅವನಿಗೂ ಕೊಡುತ್ತಿದ್ದರು. ಅವನ ಪಾಲಿಗೆ ವರ್ಷವೆಂದರೆ ಆ ಒಂದು ಸಂಜೆ.

ಅವನ ಹೆಂಡತಿ ಹೇಳುತ್ತಿದ್ದಳು: "ಮನೆಯಲ್ಲಿ ಕೂಸು ಬಿದ್ದರೆ ತಿರುಗಿ ನೋಡುವುದಿಲ್ಲ. ಅಲ್ಲಿ ಅಷ್ಟು ದೊಡ್ಡ ಗಂಡಸು ಬಿದ್ದರೆ ಎದೆ ಬಡಿದುಕೊಳ್ಳುತ್ತೀರಿ. ಅವನಿಗೆ ನಿಮ್ಮ ಹೆಸರಾದರೂ ಗೊತ್ತೇ?"

"ಅವನಿಗೆ ಗೊತ್ತಿಲ್ಲದಿದ್ದರೆ ಏನಾಯಿತು? ದಿಬ್ಬಕ್ಕೆ ನನ್ನ ಗುರುತಿದೆ."

"ಹಾಗಾದರೆ ನಾಳೆ ದಿಬ್ಬವೇ ಗಂಜಿ ಕಾಯಿಸಿ ಕೊಡಲಿ" ಎಂದು ಅವಳು ಒಳಗೆ ಹೋಗುತ್ತಿದ್ದಳು.

ಒಂದು ವರ್ಷ ಕುಸ್ತಿಯ ನಡುವೆ ಊರಿನ ಪೈಲ್ವಾನ ಜಾರಿ ಮಂಡಿಯೂರಿದ. ಆಚೆಯವನು ಅವನ ಕತ್ತು ಒತ್ತಿ ಹಿಡಿದ. ಬೆನ್ನು ಇನ್ನೂ ಮಣ್ಣಿಗೆ ಮುಟ್ಟಿರಲಿಲ್ಲ. ಪಡುವಣ ದಿಬ್ಬ ಎದ್ದು ನಿಂತು ಕೇಕೆ ಹಾಕಿತು. ಮೂಡಣ ದಿಬ್ಬದಲ್ಲಿ ಸದ್ದಿಲ್ಲ. ಸುಣ್ಣದವನಿಗೆ ತನ್ನ ಕತ್ತನ್ನೇ ಯಾರೋ ಒತ್ತಿದಂತಾಯಿತು. ಎದುರು ದಿಬ್ಬದಲ್ಲಿ ಒಬ್ಬ ಎರಡೂ ಕೈ ಎತ್ತಿ ಕುಣಿಯುವಂತೆ ಕಂಡಿತು. ಸಂಜೆಯ ಬಿಸಿಲು ಎದುರಿಗಿದ್ದುದರಿಂದ ಮುಖ ತಿಳಿಯಲಿಲ್ಲ. ಕಾಲ ಬಳಿ ಕಲ್ಲಿತ್ತು. ಎತ್ತಿ ಎಸೆದ.

ಕಲ್ಲು ಆ ಮನುಷ್ಯನ ಬಲಗಣ್ಣಿಗೆ ಬಿತ್ತು.

ಎರಡೂ ದಿಬ್ಬದವರು ಕೆಳಗಿಳಿದು ಬಡಿದಾಡಿದರು. ಸುಣ್ಣದವನು ಓಡಿದ. ಹಿಂದಿನಿಂದ ಯಾರೋ "ಭಲೇ ಅಣ್ಣಾ" ಎಂದರು. ಜೊತೆಗೆ ಯಾರೂ ಬರಲಿಲ್ಲ.

ಮರುದಿನ ಹೆಂಡತಿ ಬಾವಿಕಟ್ಟೆಯಿಂದ ಸುದ್ದಿ ತಂದಳು. ಏಟು ತಿಂದವನು ಪಕ್ಕದ ಹಳ್ಳಿಯ ಒಬ್ಬ ರೈತ. ಬಲಗಣ್ಣು ಹೋಯಿತು. ಎಸೆದವನು ಯಾರೆಂದು ಮೂಡಣ ದಿಬ್ಬದವರು ಬಾಯಿ ಬಿಡುತ್ತಿಲ್ಲ. ಸುಣ್ಣದವನು ಸುಮ್ಮನಿದ್ದಿದ್ದರೆ ಯಾರಿಗೂ ತಿಳಿಯುತ್ತಿರಲಿಲ್ಲ. ಆದರೆ ಅವನು ಅಂದು ಭಟ್ಟಿಗೆ ಬೆಂಕಿ ಹಾಕಲಿಲ್ಲ. ಗಂಜಿ ಮುಟ್ಟಲಿಲ್ಲ. ಹೆಂಡತಿ ಅವನ ಮುಖ ನೋಡಿದಳು. ಆ ದಿನ ಅವಳು ಬೈಯಲಿಲ್ಲ. "ಹೋಗಿ ಬನ್ನಿ" ಎಂದಳು.

ರೈತನ ಎರಡೂ ಕಣ್ಣಿಗೆ ಬಟ್ಟೆ ಕಟ್ಟಿದ್ದರು. ಹೆಜ್ಜೆಯ ಸದ್ದಿಗೆ ಅವನು ಯಾರೆಂದು ಕೇಳಿದ.

"ನಾನು, ಸುಣ್ಣ ಸುಡುವವನು."

"ಅಖಾಡದಲ್ಲಿ ಕೂಗುವ ಅಣ್ಣನಲ್ಲವೇ? ದನಿಯಲ್ಲೇ ಗುರುತು ಸಿಕ್ಕಿತು. ಕೂತುಕೋ. ನಮ್ಮ ಪೈಲ್ವಾನ ಆಮೇಲೆ ಎದ್ದನೇ? ಮನೆಯವಳನ್ನು ಕೇಳಿದರೆ ಸೌದೆ ಹಿಡಿದು ಬರುತ್ತಾಳೆ."

"ನಮ್ಮ ಪೈಲ್ವಾನ ಎಂದರೆ?"

"ನಮ್ಮವನೇ, ಇನ್ಯಾರು? ಎಂಟು ವರ್ಷ ನಿನ್ನ ಬೆನ್ನ ಹಿಂದೆಯೇ ನಿಂತು ಕೂಗಿದ್ದೇನೆ. ನೀನು ತಿರುಗಿ ನೋಡಿದವನಲ್ಲ ಬಿಡು."

"ನೀನು ಪಡುವಣ ದಿಬ್ಬದಲ್ಲಿದ್ದೆಯಲ್ಲ."

"ಈಚೆಗೆ ನನ್ನ ಕಣ್ಣು ಬಿಸಿಲು ತಡೆಯುವುದಿಲ್ಲ. ನೀರು ಸುರಿಯುತ್ತದೆ. ಬಿಸಿಲು ಬೆನ್ನಿಗಿರಲಿ ಎಂದು ಆ ಕಡೆ ಹತ್ತಿದೆ. ಅಲ್ಲಿ ನಿಂತು ನಮ್ಮವನ ಹೆಸರು ಕೂಗಿದರೆ ಒದೆ ಬೀಳುತ್ತದೆ. ಅದಕ್ಕೇ ಬಾಯಿ ಮುಚ್ಚಿಕೊಂಡು, ಏಳು ಏಳು ಎಂದು ಎರಡೂ ಕೈ ಎತ್ತಿ ತೋರಿಸುತ್ತಿದ್ದೆ. ನೀನು ಹೇಳು, ಎದ್ದನೇ?"

"ನಾನು ನೋಡಲಿಲ್ಲ. ಓಡಿಬಿಟ್ಟೆ."

"ನೀನು? ಕುಸ್ತಿ ಮುಗಿಯುವ ಮೊದಲೇ? ಏಕೆ ಓಡಿದೆ?"

ಸುಣ್ಣದವನು ಹೇಳಿದ. ಏನನ್ನೂ ಮುಚ್ಚಲಿಲ್ಲ.

ರೈತ ಗೋಡೆಯ ಕಡೆ ಹೊರಳಿದ. ಹೋಗು ಎನ್ನಲಿಲ್ಲ, ಇರು ಎನ್ನಲಿಲ್ಲ. ಅಂಗಳದಲ್ಲಿ ಎತ್ತುಗಳು ನೀರಿಲ್ಲದೆ ನಿಂತಿದ್ದವು. ಸುಣ್ಣದವನು ಹಗ್ಗ ಬಿಚ್ಚಿ ಅವುಗಳನ್ನು ಕೆರೆಗೆ ಹೊಡೆದುಕೊಂಡು ಹೋದ.

ಗುರುಗಳು ಇಲ್ಲಿಗೆ ನಿಲ್ಲಿಸಿದರು. ಶಿಷ್ಯನ ಕಣ್ಣು ತುಂಬಿತ್ತು. ಅವನು ಹೇಳಿದ: "ಎಂಥ ಅನ್ಯಾಯ, ಗುರುಗಳೇ. ಪಾಪ, ಆ ರೈತ ಇವನ ಕಡೆಯವನೇ ಆಗಿದ್ದನಲ್ಲ."

ಗುರುಗಳು ಅವನನ್ನೇ ನೋಡಿ ಹೇಳಿದರು:

"ಕಣ್ಣು ಹೋಯಿತು ಎಂದಾಗ ನೀನು ಸುಮ್ಮನೆ ಕೇಳುತ್ತಿದ್ದೆ ಮಗು, ಅದು ನಮ್ಮವನ ಕಣ್ಣು ಎಂದು ತಿಳಿದ ಮೇಲೆ ಅತ್ತೆ."